ಬಗ್ಗಿಸಿದಷ್ಟೂ ಬಿಗಿಯುವ ತಾಮ್ರ

ವೈರಿಂಗ್ ಮುಗಿದ ಮೇಲೆ ಉಳಿದ ತುಂಡು ತಂತಿಯಿಂದ ಕಿವಿಯೋಲೆ ಮಾಡಲು ಕೂತವರಿಗೆ ಇದು ಗೊತ್ತು. ಮೊದಲ ಸುತ್ತು ಬೆರಳಲ್ಲೇ ಬರುತ್ತದೆ. ಸೊಟ್ಟಗಾಯಿತು ಅಂತ ಬಿಚ್ಚಿ ಮತ್ತೆ ಸುತ್ತಿದರೆ ಇಕ್ಕಳ ಬೇಕು. ಇನ್ನೂ ಬಿಚ್ಚಿ ಸುತ್ತುತ್ತ ಹೋದರೆ ಟಕ್ ಅಂತ ಮುರಿಯುತ್ತದೆ. ತಂತಿ ಕಳಪೆ ಅಂತ ಅಂಗಡಿಯವನನ್ನು ಬೈಯುವವರೇ ಜಾಸ್ತಿ. ಪಾಪ, ಅವನದೇನೂ ತಪ್ಪಿಲ್ಲ. ಬಗ್ಗಿಸಿದ್ದಕ್ಕೇ ತಾಮ್ರ ಗಟ್ಟಿಯಾಗಿದೆ.

ತಾಮ್ರದೊಳಗೆ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ತಂತಿ ಬಗ್ಗಬೇಕಾದರೆ ಪದರದ ಮೇಲೆ ಪದರ ಜಾರಬೇಕು. ಇಡೀ ಪದರ ಒಮ್ಮೆಗೇ ಜಾರಲು ಎಷ್ಟು ಬಲ ಬೇಕು ಅಂತ 1926ರಲ್ಲಿ ರಷ್ಯಾದ ಭೌತವಿಜ್ಞಾನಿ ಯಾಕೋವ್ ಫ್ರೆಂಕೆಲ್ ಲೆಕ್ಕ ಹಾಕಿದರು. ಶುದ್ಧ ಲೋಹದ ಹರಳು ನಿಜಕ್ಕೂ ಬಗ್ಗುವ ಬಲಕ್ಕಿಂತ ಅದು ಸಾವಿರಾರು ಪಟ್ಟು ಹೆಚ್ಚು! ಈ ಒಗಟು ಬಿಡಿಸಿದ್ದು 1934ರಲ್ಲಿ. ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಕೂತು ಒಂದೇ ಉತ್ತರ ಕೊಟ್ಟರು.

ಶಿರಸಿ ಕಡೆಯ ಮದುವೆ ಮನೆಯಲ್ಲಿ ಹಾಸಿದ ಉದ್ದನೆಯ ಜಮಖಾನವನ್ನು ಒಂದು ಗೇಣು ಸರಿಸಬೇಕು ಅಂದುಕೊಳ್ಳಿ. ಇಡಿಯಾಗಿ ಎಳೆದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ, ಅದನ್ನು ಕಾಲಲ್ಲಿ ತಳ್ಳುತ್ತ ಹೋಗಿ. ಸುಕ್ಕು ಆಚೆ ತುದಿ ಮುಟ್ಟುವಷ್ಟರಲ್ಲಿ ಜಮಖಾನ ಸರಿದಾಗಿರುತ್ತದೆ. ಆ ಮೂವರ ಉತ್ತರವೂ ಇದೇ: ಪರಮಾಣುಗಳ ಸಾಲಿನಲ್ಲೂ ಇಂಥದೇ ಸುಕ್ಕುಗಳಿವೆ. ಈಗ ನಾಲ್ಕು ಹುಡುಗರು ನಾಲ್ಕು ದಿಕ್ಕಿನಿಂದ ಸುಕ್ಕು ತಳ್ಳಿದರೆ? ನಡುವೆ ಎಲ್ಲ ಸೇರಿ ಗಂಟಾಗುತ್ತದೆ, ಯಾವುದೂ ಮುಂದೆ ಹೋಗುವುದಿಲ್ಲ. ಬಗ್ಗಿಸಿದಷ್ಟೂ ತಂತಿಯಲ್ಲಿ ಹೊಸ ಸುಕ್ಕು ಹುಟ್ಟುತ್ತದೆ, ಗಂಟು ಬಿಗಿಯುತ್ತದೆ. 1956ರಲ್ಲಿ ಕೇಂಬ್ರಿಜ್‌ನಲ್ಲಿ ಅಲ್ಯೂಮಿನಿಯಂ ಹಾಳೆಯೊಳಗೆ ಈ ಸುಕ್ಕುಗಳು ಓಡಾಡುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಗಂಟು ಬಿಡಿಸಲು ಅಕ್ಕಸಾಲಿಗರ ಉಪಾಯ ಬೆಂಕಿ. ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲೇ ಬ್ಲೇಡಿನಲ್ಲಿ ಸುಲಿಯಿರಿ. ಅದನ್ನು ಸುಡಬೇಡಿ, ಹೊಗೆ ವಿಷ. ಬರೀ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿ. ಅಡುಗೆಮನೆ ದೀಪ ಆರಿಸಿದರೆ ಮಂಕು ಕೆಂಪು ಕಾಣುತ್ತದಲ್ಲ, ಅಷ್ಟು ಸಾಕು. ತಾಮ್ರ ಕರಗುವುದು 1085 ಡಿಗ್ರಿಗೆ, ಅಲ್ಲಿಯವರೆಗೆ ಹೋಗುವುದು ಬೇಡ. ಬಿಸಿಗೆ ಒಳಗೆ ಹೊಸ ಹರಳುಗಳು ಬೆಳೆದು ಹಳೆಯ ಗಂಟುಗಳನ್ನು ನುಂಗಿಬಿಡುತ್ತವೆ. ಆಮೇಲೆ ನೀರಿಗೆ ಹಾಕಿದರೂ ನಡೆಯುತ್ತದೆ. ಉಕ್ಕಿನ ಹಾಗೆ ಅದು ಮತ್ತೆ ಪೆಡಸಾಗುವುದಿಲ್ಲ.

ಹೊರಬಂದ ತಂತಿ ಕಪ್ಪಾಗಿರುತ್ತದೆ. ಅದು ಗಾಳಿಯ ಆಮ್ಲಜನಕ ಸೇರಿ ಆದ ಆಕ್ಸೈಡ್, ಸುಟ್ಟ ಮಸಿ ಅಲ್ಲ. ಹಂಡೆ ತಿಕ್ಕಲು ಇಟ್ಟ ಮುರುಗಲು ಸಿಪ್ಪೆಯನ್ನೇ ಬಿಸಿನೀರಲ್ಲಿ ನೆನೆಸಿ ತಂತಿ ಮುಳುಗಿಸಿ. ಹುಳಿ ಆಕ್ಸೈಡನ್ನು ಕರಗಿಸುತ್ತದೆ, ಒಳಗಿನ ಕೆಂಪು ಮೇಲೆ ಬರುತ್ತದೆ. ಹಳೇ ಒಡವೆಯ ಕಳೆ ಬೇಕಿದ್ದರೆ ಬೇಯಿಸಿದ ಮೊಟ್ಟೆ ಒಡೆದು ಒಡವೆ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಮೊಟ್ಟೆಯ ಗಂಧಕದ ಅನಿಲಕ್ಕೆ ತಾಮ್ರ ಕಪ್ಪಾಗುತ್ತದೆ. ಉಬ್ಬಿದ ಕಡೆ ಸ್ಟೀಲ್ ನಾರಿನಿಂದ ಉಜ್ಜಿದರೆ ಕಪ್ಪು ಸಂದಿಯಲ್ಲಷ್ಟೇ ಉಳಿದು ಸುರುಳಿಗಳು ಎದ್ದು ಕಾಣುತ್ತವೆ.

ಇನ್ನು ತಾಮ್ರದ ಕಡಗ ತೊಟ್ಟರೆ ಕೈ ಹಸಿರಾಗುವ ವಿಷಯ. ಕಡಗ ಮೈಯ ಉಷ್ಣ ಎಳೆಯಿತು, ವಿಷ ಹೊರಹಾಕಿತು ಅನ್ನುವವರಿಗೆ ಲೆಕ್ಕವಿಲ್ಲ. ಕಾರವಾರದ ಮೇ ತಿಂಗಳ ಬೆವರಿನಲ್ಲಿ ಉಪ್ಪೂ ಇದೆ, ಹುಳಿಯೂ ಇದೆ. ಅವು ತಾಮ್ರದ ಜೊತೆ ಸೇರಿ ಹಸಿರು ಲವಣಗಳಾಗುತ್ತವೆ, ಅಷ್ಟೇ. ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕಡಲಗಾಳಿಯ ಉಪ್ಪಿಗೂ ತಾಮ್ರ ಬೇಗ ಬಣ್ಣಗೆಡುತ್ತದೆ. ಅದಕ್ಕೆ ಯಾರ ಮೈಯ ಉಷ್ಣ ಕಾರಣ, ಹೇಳಿ? ಸಂಧಿವಾತಕ್ಕೂ ಕಡಗ ಮದ್ದು ಅಂತಾರೆ. ಬ್ರಿಟನ್ನಿನಲ್ಲಿ ರುಮಟಾಯ್ಡ್ ಎಂಬ ಬಗೆಯ ಸಂಧಿವಾತವಿದ್ದ 70 ರೋಗಿಗಳಿಗೆ ತಾಮ್ರದ ಕಡಗ, ಆಯಸ್ಕಾಂತದ ಪಟ್ಟಿ, ಆಯಸ್ಕಾಂತವಿಲ್ಲದ ಪಟ್ಟಿ ಹೀಗೆ ಸರದಿಯಲ್ಲಿ ತೊಡಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು: ತಾಮ್ರದಿಂದ ನೋವು, ಊತ ಏನೂ ಹೆಚ್ಚು ಇಳಿದಿರಲಿಲ್ಲ. ಚಂದಕ್ಕೆ ತೊಡಿ, ಮಾತ್ರೆ ಬಿಡಬೇಡಿ.

ಹಸಿರು ಬೇಡದವರು ಕಡಗದ ಒಳಮೈಗೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಬಹುದು. ಬೆವರಿಗೆ ಅದು ಏಳುತ್ತದೆ, ಆಗಾಗ ಮತ್ತೆ ಹಚ್ಚಬೇಕು. ಕಿವಿಯೋಲೆಯಾದರೆ ತೂತಿನೊಳಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದ್ದಿರಲಿ.