ಸುಳಿ ಸುತ್ತುತ್ತಲೇ ಇದ್ದರೆ ಬಿಸಿ ಮುಂದಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ಸಮುದ್ರದ ಸುಳಿಗಳು ಬಿಸಿಯನ್ನು ಧ್ರುವದ ಕಡೆಗೆ ಸಾಗಿಸುತ್ತವೆ ಎಂದು ಓದಿದೆ. ಸುಳಿಯ ನೀರು ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ ಅಲ್ವಾ? ಹಾಗಾದರೆ ಬಿಸಿ ಸಾಗುವುದು ಹೇಗೆ?

ಉತ್ತರ: ನೀರು ವಾಪಸ್ ಬರುತ್ತದೆ. ಆದರೆ ಹೋಗುವಾಗ ಇದ್ದಷ್ಟು ಬಿಸಿ ಬರುವಾಗ ಇರುವುದಿಲ್ಲ.

ಹೊಳೆಯ ಸುಳಿಯನ್ನು ಮೊದಲು ಮರೆತುಬಿಡಿ. ಸಮುದ್ರದ ಸುಳಿ ನೂರಾರು ಕಿಲೋಮೀಟರ್ ಅಗಲ ಇರಬಹುದು. ನೂರಾರು ಮೀಟರ್ ಆಳಕ್ಕೂ ಇಳಿದಿರುತ್ತದೆ. ತಿಂಗಳುಗಟ್ಟಲೆ ಬಾಳುತ್ತದೆ.

ಈಗ ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರಕ್ಕೆ ಬನ್ನಿ. ಬೇರೆ ಕಡೆ ಗಲ್ಫ್ ಸ್ಟ್ರೀಮ್‌ನಂಥ ಪ್ರವಾಹಗಳು ಖಂಡದ ಅಂಚು ಹಿಡಿದು ಧ್ರುವದತ್ತ ಬಿಸಿ ಒಯ್ಯುತ್ತವೆ. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಜಲಸಂಧಿ ಇರುವ ಅಕ್ಷಾಂಶದಲ್ಲಿ ಅಂಥ ಅಂಚೇ ಇಲ್ಲ. ಭೂಮಿಗೆ ಪೂರ್ತಿ ಒಂದು ಸುತ್ತು ಬಂದರೂ ನೆಲ ಅಡ್ಡ ಬರುವುದಿಲ್ಲ. ಹೀಗಾಗಿ ಅಲ್ಲಿನ ಮಹಾಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಲೇ ಇರುತ್ತದೆ. ಅದರ ಉತ್ತರಕ್ಕೆ ಬೆಚ್ಚಗಿನ ನೀರು, ದಕ್ಷಿಣಕ್ಕೆ ಕೊರೆಯುವ ನೀರು. ಎರಡರ ನಡುವೆ ಬಿಸಿ ದಾಟಿಸುವ ಕೆಲಸ ಬಹುಪಾಲು ಸುಳಿಗಳದ್ದೇ.

ಸುಳಿಯ ಒಂದು ಮಗ್ಗುಲು ಬೆಚ್ಚಗಿನ ನೀರನ್ನು ದಕ್ಷಿಣಕ್ಕೆ ಎಳೆಯುತ್ತದೆ. ಇನ್ನೊಂದು ಮಗ್ಗುಲು ತಣ್ಣೀರನ್ನು ಉತ್ತರಕ್ಕೆ ತಳ್ಳುತ್ತದೆ. ಹೋದಷ್ಟೇ ನೀರು ಬಂತು, ಲೆಕ್ಕ ಸರಿಹೋಯಿತು. ಆದರೆ ಬಿಸಿ ದಕ್ಷಿಣದಲ್ಲೇ ಉಳಿಯಿತು. ಸ್ನಾನದ ಬಕೆಟ್ಟಿನಲ್ಲಿ ತಣ್ಣೀರಿನ ಮೇಲೆ ಬಿಸಿನೀರು ಸುರಿದು ಕೈಯಾಡಿಸುತ್ತೇವಲ್ಲ, ಹಾಗೆ. ನೀರು ಬಕೆಟ್ಟು ಬಿಟ್ಟು ಎಲ್ಲಿಗೂ ಹೋಗಿಲ್ಲ. ಬಿಸಿ ಮಾತ್ರ ತಳಕ್ಕೂ ತಲುಪಿತು.

ನೀರನ್ನೇ ಹೊತ್ತು ನಡೆಯುವ ಸುಳಿಗಳೂ ಇವೆ. ಆಫ್ರಿಕಾದ ದಕ್ಷಿಣ ತುದಿಯಲ್ಲಿ ಅಗುಲ್ಹಾಸ್ ಪ್ರವಾಹ ತಟ್ಟನೆ ಹಿಂದಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ವರ್ಷಕ್ಕೆ ಕೆಲವು ದೊಡ್ಡ ಸುಳಿಗಳು ಕಳಚಿಕೊಳ್ಳುತ್ತವೆ. ಹಿಂದೂ ಮಹಾಸಾಗರದ ಬೆಚ್ಚಗಿನ ಉಪ್ಪು ನೀರನ್ನು ಒಡಲಲ್ಲಿಟ್ಟುಕೊಂಡು, ದಿನಕ್ಕೆ ಕೆಲವೇ ಕಿಲೋಮೀಟರಿನಂತೆ ಅಟ್ಲಾಂಟಿಕ್ ಒಳಗೆ ಸಾಗುತ್ತವೆ.

ಹವಾಮಾನ ಬದಲಾದಂತೆ ಏನಾಗುತ್ತಿದೆ? ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಜಾಸ್ತಿಯಾದ ಬಿಸಿಯ 90%ಗೂ ಹೆಚ್ಚು ಪಾಲು ಸಮುದ್ರಕ್ಕೇ ಇಳಿದಿದೆ. ಅದರಲ್ಲಿ ದಕ್ಷಿಣ ಸಾಗರದ ಪಾಲು ದೊಡ್ಡದು. ಓಜೋನ್ ರಂಧ್ರ ಮತ್ತು ಈ ಅನಿಲಗಳಿಂದಾಗಿ ಅಲ್ಲಿ ಪಶ್ಚಿಮದ ಗಾಳಿಯೂ ಜೋರಾಗಿದೆ. ಗಾಳಿ ಜೋರಾದರೆ ಪ್ರವಾಹವೂ ಅಷ್ಟೇ ಜೋರಾಗಬೇಕು ಅನ್ನಿಸುತ್ತದೆ. ಆದರೆ ಆ ಹೆಚ್ಚುವರಿ ಶಕ್ತಿಯ ದೊಡ್ಡ ಭಾಗ ಸುಳಿಗಳಿಗೆ ಹೋಗುತ್ತದೆ. 1990ರ ದಶಕದಿಂದ ಉಪಗ್ರಹಗಳು ಅಳೆದ ಪ್ರಕಾರ ಅಲ್ಲಿನ ಸುಳಿಗಳು ಇನ್ನಷ್ಟು ಚುರುಕಾಗಿವೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಧ್ರುವದ ಹತ್ತಿರ ಹೋದಂತೆ ಸುಳಿಗಳು ಚಿಕ್ಕದಾಗುತ್ತವೆ. ಅಂಟಾರ್ಕ್ಟಿಕಾದ ಬಳಿ ಹತ್ತಿಪ್ಪತ್ತು ಕಿಲೋಮೀಟರ್ ಅಗಲದವೂ ಇವೆ. ಹವಾಮಾನದ ಕಂಪ್ಯೂಟರ್ ಮಾದರಿಗಳು ಸಮುದ್ರವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ. ಅನೇಕ ಮಾದರಿಗಳಲ್ಲಿ ಒಂದೊಂದು ಚೌಕದ ಅಗಲವೇ ಸುಮಾರು 100 ಕಿಲೋಮೀಟರ್. ಇಂಥ ಸುಳಿ ಅಲ್ಲಿ ಕಾಣುವುದೇ ಇಲ್ಲ. ಅದರ ಕೆಲಸವನ್ನು ಸೂತ್ರ ಹಾಕಿ ಅಂದಾಜು ಮಾಡುತ್ತಾರೆ. ಅಂಟಾರ್ಕ್ಟಿಕಾದಿಂದ ಸಮುದ್ರದ ಮೇಲೆ ಚಾಚಿ ತೇಲುವ ಹಿಮಹಾಸಿನ ಅಡಿಗೆ ಎಷ್ಟು ಬಿಸಿ ತಲುಪುತ್ತದೆ ಎಂಬ ಲೆಕ್ಕಕ್ಕೆ ಈ ಅಂದಾಜು ಸಾಲದು.

ಅದಕ್ಕೇ ಅಳತೆ ಬೇಕು. ಬೆಚ್ಚಗಿನ ಸುಳಿಯ ಮೇಲೆ ಸಮುದ್ರದ ಮಟ್ಟ ಕೆಲವು ಹತ್ತು ಸೆಂಟಿಮೀಟರ್ ಉಬ್ಬಿರುತ್ತದೆ, ತಣ್ಣನೆಯದರ ಮೇಲೆ ತಗ್ಗಿರುತ್ತದೆ. 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿದ, ಇಸ್ರೋ ಮತ್ತು ಫ್ರಾನ್ಸಿನ ಜಂಟಿ ಉಪಗ್ರಹ ‘ಸರಳ್’ ಅಳೆದದ್ದು ಈ ಉಬ್ಬುತಗ್ಗನ್ನೇ. 2022ರ ಡಿಸೆಂಬರ್‌ನಲ್ಲಿ ಮೇಲೇರಿದ ‘ಸ್ವಾಟ್’ ಉಪಗ್ರಹ ಇನ್ನೂ ಚಿಕ್ಕ ಸುಳಿಗಳನ್ನು ಹಿಡಿಯುತ್ತಿದೆ.