ಧೂಮಕೇತು ಕಳೆದುಹೋಗುವುದು ಹೇಗೆ? ಹಾಸನದ ಡಿಶ್‌ಗಳು ಏನು ಮಾಡುತ್ತಿವೆ?

ಪ್ರಶ್ನೆ: ಸಾರ್, ಕೆಲವು ಧೂಮಕೇತುಗಳು ಐದಾರು ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ ಅಂತೀರಿ. ಆಮೇಲೆ ನೀವೇ, ಅವುಗಳಲ್ಲಿ ಕೆಲವು ಕಳೆದುಹೋದವು ಅಂತೀರಿ. ಅಷ್ಟು ದೊಡ್ಡದು ಕಳೆದುಹೋಗುವುದು ಹೇಗೆ? ನಮ್ಮ ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ದೊಡ್ಡ ದೊಡ್ಡ ಡಿಶ್‌ಗಳಿವೆ. ಅವರು ಟ್ರ್ಯಾಕ್ ಮಾಡುವುದಿಲ್ವಾ?

ಉತ್ತರ: ಬಾಲದ ಚುಕ್ಕಿಯ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. 2024ರ ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಕಾಣಿಸಿಕೊಂಡಾಗಲಂತೂ ಬೇಲೂರು, ಅರಸೀಕೆರೆ, ಕಡೂರು, ಎಲ್ಲಿ ಹೋದರೂ ಇದೇ ಮಾತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಚಿಕ್ಕ ಉತ್ತರ ಇಷ್ಟೇ. ಹೆಚ್ಚಿನ ಸಲ ಧೂಮಕೇತು ತನ್ನ ಪಾಡಿಗೆ ತಾನು ಸೂರ್ಯನನ್ನು ಸುತ್ತುತ್ತಲೇ ಇರುತ್ತದೆ. ಅದು ಯಾವ ದಿನ ಎಲ್ಲಿರುತ್ತದೆ ಎಂಬ ನಮ್ಮ ಲೆಕ್ಕ ಕೈಕೊಡುತ್ತದೆ. ಹೇಳಿದ ಜಾಗದಲ್ಲಿ ಹುಡುಕುತ್ತೇವೆ, ಸಿಗುವುದಿಲ್ಲ, 'ಕಳೆದುಹೋಯಿತು' ಅಂತ ಬರೆದುಕೊಳ್ಳುತ್ತೇವೆ.

ಈಗ ಡಿಶ್ ವಿಷಯಕ್ಕೆ ಬರೋಣ. ನನ್ನ ತಲೆ ತಿನ್ನುವುದು ಇದೇ.

ಸಾಲಗಾಮೆ ರಸ್ತೆಯ ಎಂಸಿಎಫ್ 1982ರಿಂದ ಇದೆ. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್‌ನಂಥ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಯ ಕೆಲಸ. ನೋಡಿಕೊಳ್ಳುವುದು ಅಂದೆ, ಆದರೆ ಆ ಡಿಶ್‌ಗಳಿಗೆ ಕಣ್ಣಿಲ್ಲ. ಅವು ಮಾತಾಡುತ್ತವೆ, ಕೇಳಿಸಿಕೊಳ್ಳುತ್ತವೆ. ಇಲ್ಲಿಂದ ರೇಡಿಯೋ ಸಿಗ್ನಲ್ ಹೋಗುತ್ತದೆ. ಉಪಗ್ರಹದೊಳಗಿನ ಯಂತ್ರ ಅದನ್ನು ಹಿಡಿದು ವಾಪಸ್ ಕಳಿಸುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಬ್ಯಾಟರಿ ಹೇಗಿದೆ, ಎಷ್ಟು ಬಿಸಿಯಾಗಿದೆ ಎಂಬುದನ್ನೂ ಉಪಗ್ರಹವೇ ಹೇಳುತ್ತದೆ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರಳಿಗೆ ರೇಡಿಯೋ ಕಾಲರ್ ಹಾಕಿದ ಆನೆ ಈ ಹೊತ್ತು ಯಾರ ತೋಟದಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಕಾಲರ್ ಇಲ್ಲದ ಒಂಟಿ ಸಲಗಕ್ಕೆ ಏನು ಮಾಡುತ್ತೀರಿ? ಹೆಜ್ಜೆ ನೋಡುತ್ತೀರಿ, ಲದ್ದಿ ನೋಡುತ್ತೀರಿ. ನಿನ್ನೆ ಇಲ್ಲಿತ್ತು, ನಾಳೆ ಹಳ್ಳ ದಾಟಿರಬಹುದು ಅಂತ ಅಂದಾಜು ಮಾಡುತ್ತೀರಿ. ಉಪಗ್ರಹಕ್ಕೆ ಕಾಲರ್ ಹಾಕಿಯೇ ಕಳಿಸಿದ್ದೇವೆ. ಧೂಮಕೇತುವಿಗೆ ಯಾರು ಹಾಕಿದ್ದಾರೆ?

ಇಷ್ಟು ಹೇಳಿದರೂ ಬಿಡುವುದಿಲ್ಲ. 'ರಾಡಾರ್ ಇದೆಯಲ್ಲ ಸಾರ್?' ಇದೆ. ರಾಡಾರಿಗೆ ಕಾಲರ್ ಬೇಕಾಗಿಲ್ಲ, ಅದು ವಸ್ತುವಿಗೆ ತಾಗಿ ಮರಳುವ ಅಲೆಯನ್ನು ಹಿಡಿಯುತ್ತದೆ. ಆದರೆ ದೂರ ಎರಡು ಪಟ್ಟಾದರೆ ಮರಳಿ ಬರುವ ಅಲೆಯ ಬಲ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಪಟ್ಟಾದರೆ ಹತ್ತು ಸಾವಿರದ ಒಂದು ಭಾಗ. 2010ರಲ್ಲಿ ಹಾರ್ಟ್ಲಿ 2 ಎಂಬ ಧೂಮಕೇತುವನ್ನು ಪೋರ್ಟೊರಿಕೊದ ಅರೆಸಿಬೊ ರಾಡಾರ್ ಹಿಡಿದಿತ್ತು ನಿಜ. ಆಗ ಅದು ನಮಗೆ ಸುಮಾರು 1.8 ಕೋಟಿ ಕಿಲೋಮೀಟರ್ ಹತ್ತಿರ ಬಂದಿತ್ತು. ಅದೇ ಧೂಮಕೇತು ಗುರುಗ್ರಹದಷ್ಟು ದೂರ ಹೋದ ಮೇಲೆ ಯಾವ ರಾಡಾರಿಗೂ ಸಿಗುವುದಿಲ್ಲ.

ಉಳಿದದ್ದು ದೂರದರ್ಶಕ. 'ಅಷ್ಟು ದೊಡ್ಡದು' ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಉದ್ದ ಇರುವುದು ಬಾಲ. ಅದು ಬರೀ ಅನಿಲ ಮತ್ತು ದೂಳು, ಅದೂ ಸೂರ್ಯನ ಹತ್ತಿರ ಬಂದಾಗ ಮಾತ್ರ. ಒಳಗಿನ ಗಟ್ಟಿ ಮೈ ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್, ಹಾಸನದಿಂದ ಶಾಂತಿಗ್ರಾಮದವರೆಗೂ ಬರುವುದಿಲ್ಲ. ಬಣ್ಣವೋ ಇದ್ದಿಲಿಗಿಂತ ಕಪ್ಪು, ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ವಾಪಸ್ ಬಂದರೆ ಹೆಚ್ಚು. ಆರು ವರ್ಷದ ಸುತ್ತಿನಲ್ಲಿ ಕೆಲವು ತಿಂಗಳು ಬಾಲ ಬಿಚ್ಚಿಕೊಂಡು ಕಾಣಿಸುತ್ತದೆ. ಉಳಿದ ಕಾಲವೆಲ್ಲ ಕತ್ತಲಲ್ಲಿ ಓಡಾಡುವ ಕಪ್ಪು ಕಲ್ಲುಮಂಜು. ಯಾರೂ ಅದನ್ನು ದಿನಾ ನೋಡುತ್ತಾ ಕೂತಿರುವುದಿಲ್ಲ. ಹಿಂದಿನ ಕಾಲದಲ್ಲಂತೂ ನೋಡಬೇಕೆಂದರೂ ಆಗುತ್ತಿರಲಿಲ್ಲ.

ಅಂದ ಹಾಗೆ, ಕರ್ನಾಟಕದಲ್ಲಿ ಯಾರನ್ನಾದರೂ ಕೇಳಲೇಬೇಕೆಂದರೆ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದವರನ್ನು ಕೇಳಿ. ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರ್ ಅಗಲದ ಕನ್ನಡಿಯ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು. ಎಂಸಿಎಫ್‌ನವರನ್ನು ಅವರ ಪಾಡಿಗೆ ಬಿಡಿ, ನಿಮ್ಮ ಟಿವಿ ಓಡಬೇಕಲ್ಲ.

ಹಾಗಾದರೆ ಧೂಮಕೇತುವಿನ ದಾರಿ ಗೊತ್ತಾಗುವುದು ಹೇಗೆ? ಕಾಣಿಸುವ ವಾರಗಳಲ್ಲಿ ಅದು ಯಾವ ನಕ್ಷತ್ರದ ಪಕ್ಕ ಇತ್ತು ಅಂತ ದಿನ, ಗಂಟೆ ಸಮೇತ ಗುರುತು ಮಾಡಿಕೊಳ್ಳುತ್ತಾರೆ. ಕನಿಷ್ಠ ಮೂರು ಗುರುತು ಸಿಕ್ಕರೆ ಒಂದು ಕಕ್ಷೆ ಎಳೆಯಬಹುದು. ಆದರೆ ನೋಡಿದ್ದು ದೊಡ್ಡ ಸುತ್ತಿನ ಒಂದು ಚೂರು. ಆ ಚೂರಿನಿಂದ ಪೂರ್ತಿ ಸುತ್ತನ್ನು ಊಹಿಸುವಾಗ ಸಣ್ಣ ತಪ್ಪೂ ಬೆಳೆಯುತ್ತದೆ. ಆರು ವರ್ಷದ ಸುತ್ತಿನ ಧೂಮಕೇತು ಭೂಮಿಯಷ್ಟೇ ದೂರದಲ್ಲಿ ಸೂರ್ಯನನ್ನು ದಾಟುವಾಗ ಸೆಕೆಂಡಿಗೆ ಸುಮಾರು 39 ಕಿಲೋಮೀಟರ್ ಓಡುತ್ತದೆ. ಬರುವ ದಿನ ಲೆಕ್ಕದಲ್ಲಿ ಒಂದೇ ಒಂದು ದಿನ ಆಚೀಚೆ ಆದರೆ 30 ಲಕ್ಷ ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಹತ್ತು ದಿನ ತಪ್ಪಿದರೆ ನೀವೇ ಗುಣಿಸಿಕೊಳ್ಳಿ.

ಇದರ ಮೇಲೆ ಧೂಮಕೇತು ತಾನೇ ತನ್ನನ್ನು ತಳ್ಳಿಕೊಳ್ಳುತ್ತದೆ. ಬಿಸಿಲು ತಾಗಿದ ಕಡೆ ಮಂಜು ಆವಿಯಾಗಿ ಚಿಮ್ಮುತ್ತದೆ, ಮೈ ಎದುರು ದಿಕ್ಕಿಗೆ ಜರುಗುತ್ತದೆ. ಎಂಕೆ ಧೂಮಕೇತು ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಪ್ರತಿ ಸಲವೂ ಲೆಕ್ಕಕ್ಕಿಂತ ಸುಮಾರು ಎರಡೂವರೆ ಗಂಟೆ ಮೊದಲೇ ಬರುತ್ತಿತ್ತು. ಯಾಕೆ ಅಂತ ಖಗೋಳ ವಿಜ್ಞಾನಿ ಫ್ರೆಡ್ ವಿಪ್ಪಲ್ ಸರಿಯಾಗಿ ವಿವರಿಸಿದ್ದು 1950ರಲ್ಲಿ.

ಎಲ್ಲಕ್ಕಿಂತ ದೊಡ್ಡ ಕಿತಾಪತಿ ಗುರುಗ್ರಹದ್ದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಟೆಂಪೆಲ್ 1. ವಿಲ್‌ಹೆಲ್ಮ್ ಟೆಂಪೆಲ್ ಅದನ್ನು ಫ್ರಾನ್ಸಿನ ಮಾರ್ಸೇಯಿಂದ 1867ರಲ್ಲಿ ಕಂಡರು. ಐದೂಮುಕ್ಕಾಲು ವರ್ಷದಷ್ಟು ಸುತ್ತು. 1873ರಲ್ಲಿ ಬಂತು, 1879ರಲ್ಲೂ ಬಂತು. 1881ರಲ್ಲಿ ಗುರುವಿನ ಹತ್ತಿರ ಹಾದುಹೋಯಿತು. ಗುರು ಎಳೆದ ಏಟಿಗೆ ಸುತ್ತು ಆರೂವರೆ ವರ್ಷವಾಯಿತು. ಸೂರ್ಯನಿಗೆ ಮೊದಲಿನಷ್ಟು ಹತ್ತಿರ ಬರುವುದೂ ನಿಂತಿತು, ಹಾಗಾಗಿ ಇನ್ನಷ್ಟು ಮಂಕಾಯಿತು. ಹುಡುಕಿದವರಿಗೆ ಸಿಗಲಿಲ್ಲ. ಸುಮಾರು ಎಂಟು ದಶಕ ಹಾಗೇ ಕಳೆಯಿತು.

1963ರಲ್ಲಿ ಖಗೋಳ ವಿಜ್ಞಾನಿ ಬ್ರಯಾನ್ ಮಾರ್ಸ್‌ಡನ್ ಕಂಪ್ಯೂಟರ್ ಕಾಲದ ಲೆಕ್ಕ ಹಿಡಿದು ಗುರುವಿನ ಎಳೆತವನ್ನೆಲ್ಲ ಸೇರಿಸಿ, 1967ರಲ್ಲಿ ಮತ್ತು 1972ರಲ್ಲಿ ಎಲ್ಲಿ ನೋಡಬೇಕು ಅಂತ ಹೇಳಿದರು. ಅಮೆರಿಕದ ಅರಿಜೋನಾದಲ್ಲಿ ಎಲಿಜಬೆತ್ ರೋಮರ್ 1967ರಲ್ಲಿ ಆ ಜಾಗದ ಫೋಟೋ ತೆಗೆದರು. ಒಂದೇ ಒಂದು ಪ್ಲೇಟಿನಲ್ಲಿ ಮಸುಕಾದ ಚುಕ್ಕಿ ಸಿಕ್ಕಿತು. ಅದು ಅದೇ ಅಂತ ಖಾತ್ರಿಯಾದದ್ದು 1972ರಲ್ಲಿ ಮತ್ತೆ ಕಂಡಾಗ.

ಅದೇ ಟೆಂಪೆಲ್ 1ಕ್ಕೆ 2005ರ ಜುಲೈ 4ರಂದು ನಾಸಾದ ಡೀಪ್ ಇಂಪ್ಯಾಕ್ಟ್ ನೌಕೆ ಸುಮಾರು 370 ಕಿಲೋ ತೂಕದ ಒಂದು ತುಂಡನ್ನು ಗುರಿಯಿಟ್ಟು ಬಡಿಯಿತು. ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರ್. ಒಂದು ಕಾಲಕ್ಕೆ ಎಲ್ಲಿದೆ ಅಂತಲೇ ಗೊತ್ತಿಲ್ಲದ ಧೂಮಕೇತು! 'ಕಳೆದುಹೋದದ್ದು ಬಂದು ನಮಗೆ ಹೊಡೆದರೆ' ಅಂತ ಹೆದರಿಸುವ ಯೂಟ್ಯೂಬ್ ವಿಡಿಯೋ ಕಳಿಸುವವರಿಗೆ ನಾನು ಇದನ್ನೇ ಹೇಳುವುದು. ಹೋಗಿ ಹೊಡೆದು ಬಂದದ್ದು ನಾವು.

ಗುರು ಯಾವಾಗಲೂ ಇಷ್ಟು ಸೌಮ್ಯವಾಗಿರುವುದಿಲ್ಲ. 1770ರ ಲೆಕ್ಸೆಲ್ ಧೂಮಕೇತು ಭೂಮಿಗೆ ಸುಮಾರು 22 ಲಕ್ಷ ಕಿಲೋಮೀಟರ್ ಹತ್ತಿರ ಬಂದಿತ್ತು. 1779ರಲ್ಲಿ ಗುರು ಅದನ್ನು ಬೇರೆ ದಾರಿಗೆ ಎಸೆಯಿತು, ಇವತ್ತಿಗೂ ಸಿಕ್ಕಿಲ್ಲ. ಬೀಲಾ ಧೂಮಕೇತುವಿನದು ಬೇರೆ ಕಥೆ. 1846ರಲ್ಲಿ ಎರಡು ಹೋಳಾಗಿ ಕಂಡಿತು, 1852ರಲ್ಲಿ ಎರಡೂ ಹೋಳು ಬಂದವು, ಆಮೇಲೆ ಇಲ್ಲ. 1872ರ ನವೆಂಬರಿನಲ್ಲಿ ಭೂಮಿ ಅದರ ದಾರಿ ದಾಟಿದಾಗ ಉಲ್ಕೆಗಳ ಮಳೆಯೇ ಸುರಿಯಿತು. ಇದು ನಿಜಕ್ಕೂ ಹೋದದ್ದು. ಇಂಥವಕ್ಕೆ ಪಟ್ಟಿಯಲ್ಲಿ ಹೆಸರಿನ ಮುಂದೆ 'ಡಿ' ಅಕ್ಷರ ಹಾಕುತ್ತಾರೆ, ಮರಳಿ ಬರುವವಕ್ಕೆ 'ಪಿ'.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಳೆದುಹೋದದ್ದು ಸಿಕ್ಕರೆ ಸಿಕ್ಕವರ ಹೆಸರು ಇಡುತ್ತಾರಾ? ಅದು ಹೇಗೆ ಸಿಕ್ಕಿತು ಅನ್ನುವುದರ ಮೇಲೆ. 1869ರಲ್ಲಿ ಟೆಂಪೆಲ್ ಕಂಡ ಇನ್ನೊಂದು ಧೂಮಕೇತುವನ್ನು 1880ರಲ್ಲಿ ಸ್ವಿಫ್ಟ್ ಹೊಸದು ಅಂದುಕೊಂಡು ಕಂಡರು. 1908ರ ನಂತರ ಅದು ಕಾಣಲಿಲ್ಲ. 2001ರಲ್ಲಿ ಕ್ಷುದ್ರಗ್ರಹ ಹುಡುಕುತ್ತಿದ್ದ ಲೀನಿಯರ್ ಯೋಜನೆಯ ಕ್ಯಾಮೆರಾಕ್ಕೆ ಆಕಸ್ಮಿಕವಾಗಿ ಸಿಕ್ಕಿತು. ಈಗ ಅದರ ಹೆಸರು ಟೆಂಪೆಲ್-ಸ್ವಿಫ್ಟ್-ಲೀನಿಯರ್. ಆದರೆ ರೋಮರ್ ಹುಡುಕಿಕೊಟ್ಟ ಟೆಂಪೆಲ್ 1ರಲ್ಲಿ ಅವರ ಹೆಸರಿಲ್ಲ. 1906ರ ನಂತರ ಕಾಣದೆ ಹೋಗಿದ್ದ ಹೋಮ್ಸ್ ಧೂಮಕೇತುವನ್ನೂ 1964ರಲ್ಲಿ ಮಾರ್ಸ್‌ಡನ್ ಹಾಕಿದ ಲೆಕ್ಕ ಹಿಡಿದು ಹುಡುಕಿಕೊಟ್ಟದ್ದು ರೋಮರ್ ಅವರೇ. ಅದರಲ್ಲೂ ಹೆಸರಿಲ್ಲ. ಲೆಕ್ಕ ಹಾಕಿ ಹುಡುಕಿದರೆ ಹೆಸರಿಲ್ಲ, ಸುಮ್ನೆ ಕಣ್ಣಿಗೆ ಬಿದ್ದರೆ ಹೆಸರು. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ನಮ್ಮವರ ಹೆಸರು ಇದೆಯಾ ಅಂತ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇದೆ. ಬಪ್ಪು-ಬಾಕ್-ನ್ಯೂಕರ್ಕ್, 1949ರದ್ದು. ವೈನು ಬಪ್ಪು ಆಗ ಹಾರ್ವರ್ಡಿನಲ್ಲಿ ವಿದ್ಯಾರ್ಥಿ. ಅದು ಕಳೆದುಹೋಗಿಲ್ಲ, ಆದರೆ ಅದರ ಒಂದು ಸುತ್ತಿಗೆ ಹತ್ತಾರು ಸಾವಿರ ವರ್ಷ ಹಿಡಿಯುತ್ತದೆ. ಮತ್ತೆ ಯಾವಾಗ ಬರುತ್ತೆ ಅಂತ ಮಾತ್ರ ನನಗೆ ಫೋನ್ ಮಾಡಬೇಡಿ.