ಮಂಗನ ಕಾಯಿಲೆಯಲ್ಲಿ ಮಂಗನ ತಪ್ಪೇನಿಲ್ಲ

ಊರಿನಿಂದ ಮಂಗಗಳನ್ನು ಅಟ್ಟಿದರೆ ಮಂಗನ ಕಾಯಿಲೆಯೂ ತೊಲಗುತ್ತದೆ ಎಂಬ ಮಾತು ಮಲೆನಾಡಿನಲ್ಲಿ ಇನ್ನೂ ಕೇಳಿಬರುತ್ತದೆ. ಕಾಯಿಲೆಗೆ ಮೊದಲು ಬಲಿಯಾಗುವ ಪ್ರಾಣಿಯ ಮೇಲೆಯೇ ಅಪವಾದ ಹೊರಿಸುವ ಈ ತಪ್ಪು ತಿಳಿವಳಿಕೆ ಬೇಗ ಹೋಗಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿ, ಜನರಿಗೂ ಜ್ವರ ಬಂದಾಗ, ಸೊಳ್ಳೆಯಿಂದ ಹರಡಿ ಮಂಗಗಳನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗಿತ್ತು. ಸಿಕ್ಕಿದ್ದು ಸೊಳ್ಳೆಯಿಂದ ಹರಡುವ ವೈರಸ್ಸಲ್ಲ. ಉಣುಗಿನಿಂದ (ಉಣ್ಣಿಯಿಂದ) ಹರಡುವ, ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾದ ಹೊಸದೊಂದು ವೈರಸ್. ಅದರಿಂದ ಬರುವುದೇ ಮಂಗನ ಕಾಯಿಲೆ.

ಇದನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಉಣುಗು ತನ್ನ ಬದುಕಿನಲ್ಲಿ ಮೂರು ಸಲ, ಮೂರು ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯೊಡೆದು ಬಂದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಆಗ ಒಳಸೇರಿದ ವೈರಸ್, ಉಣುಗು ಪೊರೆ ಕಳಚಿ ಎರಡನೆಯ ಹಂತಕ್ಕೆ ಬೆಳೆದರೂ ಉಳಿದಿರುತ್ತದೆ. ಡಿಸೆಂಬರಿನಿಂದ ಮೇ ತನಕ ಮನುಷ್ಯರನ್ನು ಕಚ್ಚುವುದು ಈ ಎರಡನೆಯ ಹಂತದ ಉಣುಗು. ನಮ್ಮವರು ದರಕು (ಒಣ ಎಲೆ) ಗುಡಿಸಲು, ಸೌದೆ ತರಲು ಬೆಟ್ಟಕ್ಕೆ ಹೋಗುವ ಕಾಲವೂ ಅದೇ. ಬಲಿತ ಉಣುಗು ಮುಂದಿನ ಮಳೆಗಾಲದಲ್ಲಿ ದನ, ಕಡವೆಗಳ ಮೈಸೇರಿ, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ದನ ವೈರಸ್ಸನ್ನು ಹೆಚ್ಚಿಸುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಹೆಚ್ಚಿಸುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಹೆಣದ ಸುತ್ತ ಉದುರುವುದರಿಂದ ಆ ಜಾಗ ಅಪಾಯಕಾರಿಯಾಗುತ್ತದೆ. ಕಾಯಿಲೆ ಮಾತ್ರ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರವಿಡುವುದು ಅನ್ಯಾಯ.

ಈ ಕಥೆಯಲ್ಲಿ ಹೊರಗಿನಿಂದ ಬಂದ ಗಿಡವೊಂದಿದೆ. ಅಮೆರಿಕ ಖಂಡದ ಲಂಟಾನವನ್ನು ಬ್ರಿಟಿಷರು ಹೂವಿನ ಚಂದಕ್ಕಾಗಿ ತಂದರು. ಮರ ಕಡಿದು ಬಿಸಿಲು ಬಿದ್ದಲ್ಲೆಲ್ಲ ಅದು ಹಬ್ಬಿತು. ಅದರ ಪೊದೆಯ ಅಡಿ ಉಣುಗಿಗೆ ಬಾಣಂತಿ ಕೋಣೆ: ನೆರಳಿದೆ, ತೇವವಿದೆ, ಹಣ್ಣಿಗೆ ಬರುವ ಹಕ್ಕಿಗಳೂ ಅಡಗಲು ಬರುವ ಇಲಿಗಳೂ ಇವೆ. ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಧ್ಯಯನ ಮಾಡುವಾಗ, ಕಡಿದ ಮರದೊಂದಿಗೆ ಮರದ ನೆತ್ತಿಯ ಸೊಳ್ಳೆಗಳೂ ಕೆಳಗಿಳಿದು ಮರ ಕಡಿಯುವವರನ್ನು ಕಚ್ಚುವುದನ್ನು ಕಂಡಿದ್ದ ಹೋರ್ಹೆ ಬೊಶೆಲ್ ಎಂಬ ವೈದ್ಯ, ಮುಂದೆ ನಮ್ಮ ಕ್ಯಾಸನೂರಿನ ಕಾಯಿಲೆಯನ್ನೂ ಅಧ್ಯಯನ ಮಾಡಿದರು. ಕಾಡು ಕಡಿದದ್ದು, ದನಗಳು ಹೆಚ್ಚಿದ್ದು, ಲಂಟಾನ ಹಬ್ಬಿದ್ದು ಸೇರಿ ಈ ಕಾಯಿಲೆಗೆ ನೆಲ ಹದಮಾಡಿದವೆಂದು ಅವರು 1969ರಲ್ಲಿ ವಾದಿಸಿದರು. ಆ ವಾದಕ್ಕೆ ನಮ್ಮ ಯೋಜನೆಗಳಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಇದೇ ಕಾಯಿಲೆಗೆ ಬಲಿಯಾದರು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಕಾಡಿಗೆ ಹೋಗುವ ಮುನ್ನ ಉಣುಗನ್ನು ದೂರವಿಡುವ ಡೀಪಾ ಎಣ್ಣೆ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಅಗತ್ಯ. ಲಂಟಾನವನ್ನು ಮೇಲಿಂದ ಮೇಲೆ ಕತ್ತಿಯಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದನ್ನು ಮಣ್ಣಿನೊಳಗಿನ ಬುಡಸಮೇತ ಕಡಿದು, ಬೋರಲು ಮಾಡಿಟ್ಟು, ತೆರವಾದ ಜಾಗದಲ್ಲಿ ಊರಿನದೇ ಹುಲ್ಲನ್ನೂ ಮರಗಳನ್ನೂ ಬೆಳೆಸಬೇಕು.